ರಕ್ತನಿಧಿಯಲ್ಲಿ ಕೂತು ಪಿಶಾಚಿಯ ಪ್ರೇಮಕಥೆ ಓದುವವಳ ಅಹವಾಲು

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಇಪ್ಪತ್ತಾರು ವರ್ಷದ ಸರ್ವಿಸು. ತಿಂಗಳಿಗೆ ಎಂಟೋ ಹತ್ತೋ ನೈಟ್ ಡ್ಯೂಟಿ ಬೀಳುತ್ತದೆ. ರಾತ್ರಿ ಎರಡೂವರೆಗೆ ಹೆರಿಗೆ ವಾರ್ಡಿನ ಆಯಾ ಸ್ಯಾಂಪಲ್ಲು, ಫಾರ್ಮು ಹಿಡಿದು ದಡದಡ ಓಡಿಬರುತ್ತಾಳೆ. ಗ್ರೂಪ್ ನೋಡಿ, ಫ್ರಿಜ್ಜಿನಿಂದ ಅದೇ ಗ್ರೂಪಿನ ಬ್ಯಾಗ್ ತೆಗೆದು, ಅದಕ್ಕೆ ಅಂಟಿಕೊಂಡಿರುವ ಸಣ್ಣ ಕೊಳವೆಯ ತುಂಡೊಂದನ್ನು ಕತ್ತರಿಸಿ, ಅದರೊಳಗಿನ ಕೆಂಪುಕಣವನ್ನು ಬಾಣಂತಿಯ ಸೀರಮ್ಮಿಗೆ ಬೆರೆಸಿ 37 ಡಿಗ್ರಿಯಲ್ಲಿ ಇಡುತ್ತೇನೆ. ಇದಕ್ಕೆ ಕ್ರಾಸ್ ಮ್ಯಾಚ್ ಅನ್ನುತ್ತೇವೆ. ಜಾತಕ ಕೂಡಿಬರುತ್ತದೋ ಇಲ್ಲವೋ ಎಂದು ನೋಡಿದ ಹಾಗೆ. ಕೂಡದಿದ್ದರೆ ಟ್ಯೂಬಿನ ತಳದಲ್ಲಿ ಕೆಂಪು ಹರಳು ಹರಳಾಗಿ ಕಟ್ಟಿಕೊಳ್ಳುತ್ತದೆ. ಕೂಡಿದರೆ ಅಲ್ಲಾಡಿಸಿದಾಗ ಕುಂಕುಮದ ನೀರಿನಂತೆ ನಯವಾಗಿ ಮೇಲೇಳುತ್ತದೆ. ಇದು ಗೊತ್ತಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಯಾರು ಆತುರಪಟ್ಟರೂ ಪ್ರಯೋಜನವಿಲ್ಲ. ಟೈಮರ್ ಒತ್ತಿ, ಗ್ಲೌಸ್ ಕಳಚಿ, ಕೈ ತೊಳೆದು, ಆಚೆ ಕೋಣೆಯ ಡ್ರಾಯರಿನಿಂದ ಪುಸ್ತಕ ತೆಗೆಯುತ್ತೇನೆ.

ಆ ಪುಸ್ತಕದಲ್ಲಿ ಬಹಳ ಸಲ ಇರುವುದು ರಕ್ತ ಕುಡಿಯುವವನೊಬ್ಬನ ಪ್ರೇಮಕಥೆ.

ನಗಬೇಡಿ ಎಂದು ಕೇಳುವುದಿಲ್ಲ, ನಮ್ಮ ಡಾಕ್ಟರೇ ನಗುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ. ಮುಖ್ಯ ಅತಿಥಿಗಳು ಸಾಹಿತಿಗಳು. ಭಾಷಣದ ತುಂಬಾ ಜನ ಓದುತ್ತಿಲ್ಲ, ಮೊಬೈಲು ಹಿಡಿದು ಹಾಳಾದರು ಎಂಬ ಕೊರಗು. ಇಳಿದು ಬಂದವರು ನನ್ನ ಕೈಯಲ್ಲಿದ್ದ ಪುಸ್ತಕದ ಹೊದಿಕೆ ನೋಡಿದರು. ಕಪ್ಪು ಹಿನ್ನೆಲೆಯಲ್ಲಿ ಎರಡು ಬಿಳಿ ಕೈ, ಕೆಂಪು ಸೇಬು. "ಏನಮ್ಮಾ, ಈ ವಯಸ್ಸಲ್ಲಿ ಇದೆಲ್ಲಾ? ಇಷ್ಟು ಓದೋ ಅಭ್ಯಾಸ ಇರೋರು ಒಳ್ಳೇದೇನಾದ್ರೂ ಓದಬಹುದಲ್ಲ" ಅಂದರು. ಓದುವುದಿಲ್ಲ ಎಂದು ಅರ್ಧ ಗಂಟೆ ಬೈದು, ಓದುವವಳೊಬ್ಬಳು ಕಣ್ಣಿಗೆ ಬಿದ್ದ ಕೂಡಲೇ ಅವಳಿಗೂ ಬೈದರು. ನಾನು "ಹೌದು ಸರ್" ಎಂದು ತಲೆಯಾಡಿಸಿ ಮೈಸೂರುಪಾಕು ಇಸಿದುಕೊಂಡು ಬಂದೆ. ಉತ್ತರ ಹೊಳೆದದ್ದು ಬಸ್ ಸ್ಟಾಪಿನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಈಗ ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹತ್ತಿಸಿದವಳು ಮಗಳು. 2013ರಲ್ಲಿ ಅವಳು ಹತ್ತನೇ ಕ್ಲಾಸು. ಸ್ಕೂಲ್ ಬ್ಯಾಗಿನಲ್ಲಿ ಸಮಾಜ ವಿಜ್ಞಾನದ ಗೈಡಿನ ಕೆಳಗೆ ಸ್ಟೆಫನಿ ಮೇಯರ್ ಬರೆದ 'ಟ್ವೈಲೈಟ್' ಸಿಕ್ಕಿತು. ಪರೀಕ್ಷೆ ಹತ್ತಿರ ಬಂದಿದೆ, ಹೊತ್ತುಗೊತ್ತಿಲ್ಲದೆ ಇದೇನು ಎಂದು ಕಿತ್ತುಕೊಂಡೆ. ಒಳಗೆ ಏನೇನಿದೆಯೋ ನೋಡೋಣವೆಂದು ಅವತ್ತಿನ ನೈಟ್ ಡ್ಯೂಟಿಗೆ ತೆಗೆದುಕೊಂಡು ಹೋದೆ. ನಾನು ಕನ್ನಡ ಮೀಡಿಯಮ್ಮಿನವಳು, ಡಿಎಂಎಲ್‌ಟಿ ಓದುವಾಗಲೂ ಇಂಗ್ಲಿಷನ್ನು ಬಾಯಿಪಾಠ ಮಾಡಿ ದಾಟಿದವಳು. ಮೊದಲ ರಾತ್ರಿ ಹದಿನೆಂಟು ಪುಟ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರು, ನಮ್ಮ ಆಗುಂಬೆಯ ಹಾಗೆ ಸದಾ ಮಳೆ. ಬೆಲ್ಲಾ ಎಂಬ ಹುಡುಗಿ ಅಪ್ಪನ ಮನೆಗೆ ಬಂದಿದ್ದಾಳೆ. ಬಯಾಲಜಿ ಕ್ಲಾಸಿನಲ್ಲಿ ಪಕ್ಕ ಕೂತ ಹುಡುಗ ಎಡ್ವರ್ಡ್ ಅವಳನ್ನು ಕಂಡರೆ ಮುಖ ಸಿಂಡರಿಸುತ್ತಾನೆ. ಐದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಆ ಕ್ಲಾಸಿನಲ್ಲಿ ಮೇಷ್ಟ್ರು ಮಕ್ಕಳ ಬೆರಳು ಚುಚ್ಚಿ ರಕ್ತದ ಗ್ರೂಪು ನೋಡಿಸುತ್ತಿದ್ದಾರೆ! ಹುಡುಗಿ ತಲೆಸುತ್ತಿ ಬೀಳುತ್ತಾಳೆ. ಎಡ್ವರ್ಡ್ ಅವತ್ತು ಕ್ಲಾಸಿಗೇ ಚಕ್ಕರ್. ಯಾಕೆಂದು ನಿಮಗೆ ಗೊತ್ತು. ನನಗೂ ಗೊತ್ತಾಯಿತು, ಗೊತ್ತಾಗಿಯೂ ಪುಟ ತಿರುಗಿಸಿದೆ. ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಡಿಕ್ಷನರಿ ಮನೆಯಲ್ಲೇ ಉಳಿಯಿತು.

ಇದರಿಂದ ನಿಮ್ಮ ಇಂಗ್ಲಿಷ್ ಸುಧಾರಿಸಿತಲ್ಲ ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ದಯವಿಟ್ಟು ಬೇಡ. ಇಂಗ್ಲಿಷ್ ಸುಧಾರಿಸಲಿ ಎಂದು ನಾನು ಓದಲಿಲ್ಲ. ಹೋಳಿಗೆ ತಿಂದವರನ್ನು ಎಷ್ಟು ಪ್ರೊಟೀನ್ ಸಿಕ್ಕಿತು ಎಂದು ಕೇಳುವುದುಂಟೆ?

ನಮ್ಮ ಅಮ್ಮನೂ ಹೀಗೇ ಓದಿದವಳು. ತ್ರಿವೇಣಿ, ಎಂ.ಕೆ. ಇಂದಿರಾ, ಆಮೇಲೆ ಸಾಯಿಸುತೆ. ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ತರುತ್ತಿದ್ದದ್ದು ನಾನೇ. ಅಪ್ಪ ಬರುವ ಸದ್ದಾದರೆ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಹೋಗುತ್ತಿತ್ತು. ವಾಪಸು ಕೊಡುವಾಗ ಒಂದೊಂದು ಪುಟದಲ್ಲಿ ಒಗ್ಗರಣೆಯ ಎಣ್ಣೆ ಚುಕ್ಕಿ. ಲೈಬ್ರರಿಯಾತ ಮೂಸಿ ನೋಡಿ "ನಿಮ್ಮ ಮನೇಲಿ ಇವತ್ತು ಹುಳಿ" ಎಂದು ನಗುತ್ತಿದ್ದ. ಆ ಕಾಲದಲ್ಲಿ ಹೆಂಗಸರು ಬರೆದದ್ದಕ್ಕೆ 'ಅಡುಗೆಮನೆ ಸಾಹಿತ್ಯ' ಎಂಬ ಹೆಸರೇ ಇತ್ತು; ಬೈಗುಳದ ಹೆಸರು. ಅಮ್ಮನಿಗೆ ಅದು ಬೈಗುಳವೆಂದೇ ತಿಳಿದಿರಲಿಲ್ಲ. ಅಡುಗೆಮನೆಯಲ್ಲಿ ಓದುವ ಸಾಹಿತ್ಯ ಎಂದುಕೊಂಡಿದ್ದಳು. ಈಗ ತ್ರಿವೇಣಿಯ ಮೇಲೆ ಪಿಎಚ್‌ಡಿ ಮಾಡುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನೋಡಿ ಮೂಗು ಮುರಿದವರೇ ಈಗ ವೇದಿಕೆಯಲ್ಲಿ, ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಕನ್ನಡಿಗರಿಗೆ ಓದು ಕಲಿಸಿದವರು ಎಂದು ಸ್ಮರಿಸುತ್ತಾರೆ. ಯಂಡಮೂರಿಯವರ 'ತುಳಸಿದಳ' ಓದಿ ನಾನು ಒಂದು ತಿಂಗಳು ಹಿತ್ತಲಿನ ಪಾಯಿಖಾನೆಗೆ ತಂಗಿಯನ್ನು ಕರೆದುಕೊಂಡೇ ಹೋದೆ. ಆ ಪುಸ್ತಕಕ್ಕೆ ಯಾವ ವಿಮರ್ಶಕ ಏನಂದ ಎಂದು ನನಗೆ ನೆನಪಿಲ್ಲ. ತಂಗಿ ಲಾಟೀನು ಹಿಡಿದು ಆಕಳಿಸುತ್ತ ನಿಂತದ್ದು ನೆನಪಿದೆ.

ಪಿಶಾಚಿಯನ್ನು ಪ್ರೀತಿಸುವ ಕಥೆ ಪಶ್ಚಿಮದ ತೆವಲು, ನಮ್ಮದಲ್ಲ ಎನ್ನುವ ಮಾತೂ ಕೇಳಿದ್ದೇನೆ. ಇದಕ್ಕೆ ಉತ್ತರ ನನ್ನದಲ್ಲ, ನಮ್ಮ ಅತ್ತಿಗೆಯದು. ಅವರು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವರು. ಒಂದು ಸಂಕ್ರಾಂತಿಗೆ ಮುಂಚೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ಎಳೆದು ನೋಡಿದರು.

"ಏನೇ ಇದು, ದೆವ್ವದ ಜೊತೆ ಲವ್ವಾ?"

"ದೆವ್ವ ಅಲ್ಲ ಅತ್ತಿಗೆ, ವ್ಯಾಂಪೈರ್. ನಿಮಗೆ ಹಿಡಿಸಲ್ಲ ಬಿಡಿ."

"ಕಾದಂಬರಿ ಅಂದ್ರೆ ಏನು ಅಂತ ಗೊತ್ತೇನೇ ನಿನಗೆ?"

"ಇದೇ, ನಾವೆಲ್ಲು."

"ಅದು ಒಂದು ಹುಡುಗಿ ಹೆಸರು ಕಣೇ" ಎಂದು ಅವರೆಕಾಯಿ ಬಿಟ್ಟು ಕಥೆ ಶುರುಮಾಡಿದರು. ಏಳನೇ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಬರೆದದ್ದು. ಮುಗಿಸದೆ ಸತ್ತ, ಮಗ ಮುಗಿಸಿದ. ಹತ್ತನೇ ಶತಮಾನದ ಕೊನೆಗೆ ನಾಗವರ್ಮ 'ಕರ್ಣಾಟಕ ಕಾದಂಬರಿ' ಎಂದು ಕನ್ನಡಕ್ಕೆ ತಂದ. ಕಾದಂಬರಿ ಗಂಧರ್ವ ಕನ್ಯೆ. ಅವಳು ಮನಸ್ಸು ಕೊಟ್ಟ ಚಂದ್ರಾಪೀಡ ಮನುಷ್ಯನ ರೂಪದಲ್ಲಿ ಹುಟ್ಟಿದ ಚಂದ್ರ. ಅವಳ ಗೆಳತಿ ಮಹಾಶ್ವೇತೆಯ ಪ್ರಿಯ ಪುಂಡರೀಕ ವಿರಹದಲ್ಲಿ ಪ್ರಾಣಬಿಟ್ಟು, ಜನ್ಮ ದಾಟಿ, ಗಿಳಿಯಾಗಿ ಹುಟ್ಟುತ್ತಾನೆ. ಅರ್ಧ ಕಥೆಯನ್ನು ಹೇಳುವುದೇ ಆ ಗಿಳಿ. ಚಂದ್ರಾಪೀಡನೂ ಎದೆಯೊಡೆದು ಸಾಯುತ್ತಾನೆ, ಆದರೆ ದೇಹ ಕೆಡುವುದಿಲ್ಲ. ಕಾದಂಬರಿ ಆ ದೇಹವನ್ನು ಕಾಯುತ್ತ ಕೂರುತ್ತಾಳೆ. ಕೊನೆಗೊಂದು ದಿನ ತಡೆಯಲಾರದೆ ತಬ್ಬಿಕೊಳ್ಳುತ್ತಾಳೆ. ಅವನು ಕಣ್ಣು ತೆರೆಯುತ್ತಾನೆ.

ನನಗೆ ಮೈ ಜುಮ್ಮೆಂದಿತು. ಕೆಡದ ಹೆಣ! ನಮ್ಮ ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿಯೊಳಗೆ ಇಟ್ಟರೂ ರಕ್ತದ ಬ್ಯಾಗಿಗೆ 35 ದಿನವೇ ಆಯಸ್ಸು. ಪ್ಲೇಟ್‌ಲೆಟ್ಟಂತೂ ಹಗಲೂ ರಾತ್ರಿ ತೊಟ್ಟಿಲು ತೂಗಿದಂತೆ ಅಲ್ಲಾಡಿಸುತ್ತಿದ್ದರೂ ಐದೇ ದಿನ. ಅಂಥ ಜಾಗದಲ್ಲಿ ಕೆಲಸ ಮಾಡುವವಳಿಗೆ ಕೆಡದ ದೇಹದ ಕಥೆಗಿಂತ ದೊಡ್ಡ ಆಸೆ ಯಾವುದಿದೆ? ಅಲ್ಲಿಗೆ, ನಾವು ಕನ್ನಡಿಗರು, ಪಕ್ಕದ ಮರಾಠಿಗರು ಕೂಡ, ನಾವೆಲ್ಲಿಗೆ ಇಟ್ಟುಕೊಂಡಿರುವ ಹೆಸರೇ ಮನುಷ್ಯಳಲ್ಲದ ಪ್ರೇಯಸಿಯೊಬ್ಬಳದು. ಕಾರಂತರದ್ದೂ ಕಾದಂಬರಿ, ಕುವೆಂಪು ಅವರದ್ದೂ ಕಾದಂಬರಿ, ನನ್ನ ಡ್ರಾಯರಿನಲ್ಲಿರುವುದೂ ಕಾದಂಬರಿ. ಮೂಲದ ಕಾದಂಬರಿಗೆ ಹತ್ತಿರದ ನೆಂಟಸ್ತಿಕೆ ಯಾರದೆಂದು ಕೇಳಿದರೆ ನನ್ನ ಡ್ರಾಯರಿನದೇ.

ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ರಾತ್ರಿ ಗಂಡನ ರೂಪದಲ್ಲಿ ಬರುವ ನಾಗರಹಾವನ್ನು ರಾಣಿ ಪ್ರೀತಿಸುತ್ತಾಳಲ್ಲ, ಅದೇನು? ಆ ನಾಟಕವನ್ನು ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಟ್ಟಿದ್ದು. ಅಂದರೆ ಮೊದಲು ಹೇಳಿದವರು ಯಾವುದೋ ಹಟ್ಟಿಯ ಅಜ್ಜಿಯರು. ಆಮೇಲೆ ಗುಣಾಢ್ಯನ ಕಥೆ. ಇದು ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬರುತ್ತದೆ, ಕೇಳಿದ ಮೇಲೆ ನನ್ನ ತಲೆಯಿಂದ ಹೋಗಿಲ್ಲ. ಗುಣಾಢ್ಯ ಪೈಶಾಚೀ ಭಾಷೆಯಲ್ಲಿ, ಪಿಶಾಚಿಗಳ ಭಾಷೆಯಲ್ಲಿ, ಏಳು ಲಕ್ಷ ಶ್ಲೋಕ ಬರೆದ. ಕಾಡಿನಲ್ಲಿ ಮಸಿ ಇರಲಿಲ್ಲ. ತನ್ನ ರಕ್ತದಲ್ಲೇ ಬರೆದ. ರಾಜನಿಗೆ ಕಳಿಸಿದರೆ, ಭಾಷೆ ಪಿಶಾಚಿಗಳದು, ಬರಹ ರಕ್ತದ್ದು ಎಂದು ವಾಪಸು ಬಂತು. ಗುಣಾಢ್ಯ ಬೆಂಕಿ ಹಾಕಿ, ಒಂದೊಂದೇ ಹಾಳೆ ಓದಿ ಒಂದೊಂದೇ ಸುಟ್ಟ. ಜಿಂಕೆ, ಹಂದಿ, ಹಕ್ಕಿ ಎಲ್ಲ ಮೇಯುವುದು ಬಿಟ್ಟು ಸುತ್ತ ನಿಂತು ಕಣ್ಣೀರು ಹಾಕಿ ಕೇಳಿದವು. ಅತ್ತ ಅರಮನೆಯಲ್ಲಿ ರಾಜನಿಗೆ ಊಟದ ಮಾಂಸ ಒಣಕಲು! ಯಾಕೆಂದು ವಿಚಾರಿಸಿದರೆ, ಪ್ರಾಣಿಗಳು ಮೇವು ಬಿಟ್ಟು ಕಥೆ ಕೇಳುತ್ತಿವೆ. ರಾಜ ಓಡಿಬರುವ ಹೊತ್ತಿಗೆ ಆರು ಲಕ್ಷ ಸುಟ್ಟುಹೋಗಿ ಒಂದು ಲಕ್ಷ ಉಳಿದಿತ್ತು, ಅದೇ 'ಬೃಹತ್ಕಥೆ'. ನಮ್ಮ ದುರ್ಗಸಿಂಹನ ಪಂಚತಂತ್ರವೂ ಅದರ ಋಣ ಹೇಳುತ್ತದಂತೆ.

ಮುಖ್ಯ ಅತಿಥಿಗಳು ಆ ರಾಜನ ಕಡೆಯವರು, ನಾನು ಜಿಂಕೆ–ಹಂದಿಗಳ ಕಡೆಯವಳು. ಇಷ್ಟೇ ವ್ಯತ್ಯಾಸ.

ಹಾಗೆಂದು ಸಿಕ್ಕಿದ್ದೆಲ್ಲ ಕಣ್ಣಿಗೊತ್ತಿಕೊಂಡು ಓದುವವಳಲ್ಲ. ಕೆಲಸದ ಕಣ್ಣು ಸುಮ್ಮನಿರುವುದಿಲ್ಲ. ಬ್ರಾಮ್ ಸ್ಟೋಕರನ 'ಡ್ರಾಕುಲಾ'ದಲ್ಲಿ ಲೂಸಿ ಎಂಬ ಹುಡುಗಿಗೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ವರು ಗಂಡಸರು ರಕ್ತ ಕೊಡುತ್ತಾರೆ. ಗ್ರೂಪು ನೋಡಿದವರು ಯಾರೂ ಇಲ್ಲ. ನೋಡುವುದಾದರೂ ಹೇಗೆ, ಪುಸ್ತಕ ಬಂದದ್ದು 1897ರಲ್ಲಿ. ರಕ್ತದಲ್ಲಿ ಗುಂಪುಗಳಿವೆ ಎಂದು ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ಪ್ರಕಟಿಸಿದ್ದು 1901ರಲ್ಲಿ. ನಾಲ್ಕು ಬಾಟಲಿ ಕ್ರಾಸ್ ಮ್ಯಾಚ್ ಇಲ್ಲದ ರಕ್ತ! ಆ ಹುಡುಗಿಯನ್ನು ಕೊಲ್ಲಲು ಡ್ರಾಕುಲಾನೇ ಬೇಕಿರಲಿಲ್ಲ. ಇನ್ನು ಆ ಪಿಶಾಚಿಗೆ ಮನೆಯವರು ಕರೆಯದೆ ಹೊಸ ಮನೆಯ ಹೊಸಿಲು ದಾಟಲಾಗುವುದಿಲ್ಲ. ಅಜ್ಜಿಯ ಊರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ನೋಡಿ ಬೆಳೆದವಳಿಗೆ ಇದು ಹೊಸದೇನಲ್ಲ. ನಮ್ಮ ದೆವ್ವ ಇನ್ನೂ ಸುಸಂಸ್ಕೃತೆ, ಅಕ್ಷರಸ್ಥೆ. ದಿನಾ ಬಂದು ಬಾಗಿಲು ಓದಿ ವಾಪಸು ಹೋಗುತ್ತಾಳೆ.

'ಟ್ವೈಲೈಟ್'ನ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಸ್ಪ್ಯಾನಿಶ್ ಜ್ವರದಲ್ಲಿ ಸಾಯುತ್ತಿದ್ದವನನ್ನು ಕಾರ್ಲೈಲ್ ಎಂಬ ವೈದ್ಯ ತನ್ನ ಕುಲಕ್ಕೆ ಸೇರಿಸಿಕೊಂಡ. ಅಂದರೆ ಹದಿನೇಳರ ಮುಖ ಹೊತ್ತ ನೂರು ದಾಟಿದ ಮುದುಕ, ಹೈಸ್ಕೂಲಿನ ಹುಡುಗಿಯ ಕೋಣೆಗೆ ರಾತ್ರಿ ಕಿಟಕಿಯಿಂದ ನುಗ್ಗಿ ಅವಳು ನಿದ್ದೆ ಮಾಡುವುದನ್ನು ನೋಡುತ್ತ ಕೂರುತ್ತಾನೆ. ನಮ್ಮ ಬೀದಿಯಲ್ಲಿ ಹೀಗೆ ಮಾಡಿದರೆ ಬಡಾವಣೆ ಠಾಣೆಗೆ ಕಂಪ್ಲೇಂಟ್ ಕೊಡುವವಳು ನಾನೇ. ಇದನ್ನು ಮಗಳ ಮುಂದೆ ಎತ್ತಿದೆ, ಪಾಠ ಹೇಳುವ ಉತ್ಸಾಹದಲ್ಲಿ. "ಅಮ್ಮಾ, ಅದು ತಪ್ಪು ಅಂತ ಗೊತ್ತು. ಗೊತ್ತಿದ್ದೂ ಚೆನ್ನಾಗಿದೆ. ನೀನು ಕೀಚಕನ ಪ್ರಸಂಗ ನೋಡಲ್ವಾ ಯಕ್ಷಗಾನದಲ್ಲಿ?" ಅಂದಳು. ಹದಿನೈದರ ಹುಡುಗಿಗೆ ಕಥೆ ಯಾವುದು, ಬದುಕು ಯಾವುದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ಮೆಚ್ಚಿನವನು ಎಡ್ವರ್ಡ್ ಅಲ್ಲ, ಅವನನ್ನು ಸಾಕಿದ ಕಾರ್ಲೈಲ್. ರಕ್ತದ ವಾಸನೆಗೆ ತಡೆಯಲಾಗದ ಕುಲದವನು, ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುತ್ತ ನಿಲ್ಲುತ್ತಾನೆ. ಆ ಸಂಯಮ ಎಂಥದೆಂದು ನನಗೆ ಸ್ವಲ್ಪ ಗೊತ್ತು. ನಮ್ಮ ಕೌಂಟರಿಗೆ ಒಂದೇ ಮನೆಯ ಐದು ಜನ ಗಟ್ಟಿಮುಟ್ಟಾದ ಗಂಡಸರು ಬಂದು "ಅಕ್ಕಾ, ಬೇಗ ರಕ್ತ ಕೊಡಿ" ಅನ್ನುತ್ತಾರೆ. "ನಿಮ್ಮಲ್ಲಿ ಯಾರು ಕೊಡ್ತೀರಿ?" ಎಂದ ಕೂಡಲೇ ಒಬ್ಬನಿಗೆ ಬಿಪಿ, ಒಬ್ಬನಿಗೆ ಫೋನು, ಇನ್ನೊಬ್ಬ ಟೀ ಕುಡಿಯಲು ಹೋದವನು ಬರುವುದೇ ಇಲ್ಲ. ಕೇಳುವುದು 350 ಎಂ.ಎಲ್. ಆಗ ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಗುತ್ತೇನೆ. ಆ ರಾತ್ರಿ ಕಾರ್ಲೈಲ್ ಇರುವ ಪುಟವನ್ನೇ ಹುಡುಕಿ ಓದುತ್ತೇನೆ.

ಪಿಶಾಚಿ ಬಿಟ್ಟರೆ ನಾನು ಓದುವ ಇನ್ನೊಂದು ಬಗೆ ಡಿಸ್ಟೋಪಿಯ. ಇದಕ್ಕೆ ನಾನು ಇಟ್ಟುಕೊಂಡ ಹೆಸರು ಕೇಡುಗಾಲದ ಕಥೆ. ಕೇಡುಗಾಲಕ್ಕೆ ನಾಯಿ ಮೊಟ್ಟೆ ಇಟ್ಟಿತಂತೆ ಅನ್ನುತ್ತಾರಲ್ಲ, ಆ ಕಾಲ. ಕೇಡಿನ ಕಥೆಯಲ್ಲಿ ಖುಷಿ ಏನಿದೆ ಎಂದು ಕೇಳುವವರು ಒಮ್ಮೆ ಮೈಲಾರದ ಕಾರ್ಣಿಕಕ್ಕೆ ಹೋಗಿ ಬರಲಿ. ಅಮ್ಮನ ತವರು ಹಡಗಲಿ ಕಡೆ. ಚಿಕ್ಕಂದಿನಲ್ಲಿ ಡೆಂಕನಮರಡಿಯ ಜನಸಾಗರದಲ್ಲಿ ಮಾವನ ಹೆಗಲ ಮೇಲೆ ಕೂತು ನೋಡಿದ್ದೇನೆ. ಗೊರವಯ್ಯ ಬಿಲ್ಲು ಏರುತ್ತಾನೆ, ಸದ್ದಲೇ ಎಂದದ್ದೇ ತಡ ಅಷ್ಟೂ ಜನ ಉಸಿರು ಹಿಡಿಯುತ್ತಾರೆ, ಒಂದೇ ಒಂದು ಸಾಲು ನುಡಿದು ಬೀಳುತ್ತಾನೆ. ಆಮೇಲೆ ಬಂಡಿಯಲ್ಲಿ ಊರು ಮುಟ್ಟುವವರೆಗೂ ಅದೇ ಚರ್ಚೆ. ಮಳೆ ಹೋಗುತ್ತದೋ, ಸರ್ಕಾರ ಬೀಳುತ್ತದೋ. ಹೆದರಿಕೆಯ ಮಾತನ್ನೂ ಬೆಲ್ಲದ ಹಾಗೆ ಚಪ್ಪರಿಸುತ್ತಿದ್ದರು. ಕೊಡೇಕಲ್ಲಿನ ಕಾಲಜ್ಞಾನ ಹೇಳುವವರ ಸುತ್ತ ಸೇರುವವರೂ ದುಃಖಪಡಲು ಸೇರುವುದಿಲ್ಲ.

ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' 2008ರದ್ದು. ಪ್ಯಾನೆಮ್ ಎಂಬ ದೇಶ, ಹೊಟ್ಟೆ ತುಂಬಿದ ರಾಜಧಾನಿ, ಹಸಿದ ಹನ್ನೆರಡು ಜಿಲ್ಲೆ. ಪ್ರತಿವರ್ಷ ಜಿಲ್ಲೆಗೊಂದು ಹುಡುಗ, ಒಂದು ಹುಡುಗಿ; ಚೀಟಿ ಎತ್ತಿ ಆರಿಸಿ ಕಣಕ್ಕಿಳಿಸುತ್ತಾರೆ. ಒಬ್ಬರನ್ನೊಬ್ಬರು ಕೊಲ್ಲಬೇಕು, ಅದು ಟಿವಿಯಲ್ಲಿ ಬರುತ್ತದೆ. ಎಲ್ಲರೂ ಆ ಕೊಲೆಯ ಕಣದ ಬಗ್ಗೆ ಮಾತಾಡುತ್ತಾರೆ. ನನಗೆ ಅಂಟಿಕೊಂಡದ್ದು ಚೀಟಿಯ ಲೆಕ್ಕ. ಹನ್ನೆರಡು ತುಂಬಿದ ಮಗುವಿನ ಹೆಸರು ಒಂದು ಚೀಟಿಯಲ್ಲಿ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟರವರೆಗೆ. ಮನೆಯಲ್ಲಿ ಊಟಕ್ಕಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಒಬ್ಬರಿಗೆ ವರ್ಷಕ್ಕೆ ಆಗುವಷ್ಟು ಚೂರುಪಾರು ಧಾನ್ಯ, ಎಣ್ಣೆ ಕೊಡುತ್ತಾರೆ. ಬದಲಿಗೆ ನಿನ್ನ ಹೆಸರಿನ ಇನ್ನೊಂದು ಚೀಟಿ. ಪ್ರತಿವರ್ಷವೂ ಅದು ಕೂಡುತ್ತ ಹೋಗುತ್ತದೆ. ಕಥಾನಾಯಕಿ ಕಾಟ್ನಿಸ್‌ಗೆ ಹದಿನಾರು, ಅವಳ ಹೆಸರಿನಲ್ಲಿ 20 ಚೀಟಿ. ಗೆಳೆಯ ಗೇಲ್‌ಗೆ ಹದಿನೆಂಟು, 42 ಚೀಟಿ. ನಾನು ಹಳೇ ಫಾರ್ಮಿನ ಬೆನ್ನಿಗೆ ಕೂಡಿಸಿ ನೋಡಿದೆ. ಅವಳದು ವಯಸ್ಸಿನ ಐದು, ತಾನು–ಅಮ್ಮ–ತಂಗಿ ಮೂವರಿಗೆ ಐದು ವರ್ಷದ ಹದಿನೈದು: ಇಪ್ಪತ್ತು. ಅವನದು ಏಳು, ಮನೆಮಂದಿ ಐದು ಜನಕ್ಕೆ ಏಳು ವರ್ಷ ಮೂವತ್ತೈದು: ನಲವತ್ತೆರಡು. ತಾಳೆಯಾಯಿತು.

ಕೈ ತಣ್ಣಗಾಯಿತು. ಎಂಬತ್ತರ ದಶಕದಲ್ಲಿ ನಾನೂ ರೇಷನ್ ಕಾರ್ಡು, ಸೀಮೆಎಣ್ಣೆ ಡಬ್ಬ ಹಿಡಿದು ಸರತಿಯಲ್ಲಿ ನಿಂತವಳು. ನಮಗೆ ಯಾರೂ ಪ್ರಾಣ ಕೇಳಲಿಲ್ಲ, ಹೋಲಿಸುವುದು ತಪ್ಪಾಗುತ್ತದೆ. ಆದರೂ ಸೊಸೈಟಿಯವನು ಕಾರ್ಡಿನ ಮೇಲೆ ಬರೆಯುವಾಗ ಅಮ್ಮ ಅವನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳಲ್ಲ, ಆ ನೋಟ ಕಾಲಿನ್ಸ್‌ಗೆ ಹೇಗೆ ಗೊತ್ತಾಯಿತು? ಕೇಡುಗಾಲದ ಕಥೆಯಲ್ಲಿ ನನಗೆ ಸಿಗುವ ಸುಖ ಇಂಥ ಕಡೆ. ಯಾರೋ ಕೂತು ನಿಯಮಗಳನ್ನು ಮಾಡಿದ್ದಾರೆ, ಆ ನಿಯಮಗಳು ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ, ಅದೇ ಭಯಂಕರ. ನಮ್ಮ ಗೋಡೆಯ ಮೇಲೂ ಎಸ್‌ಒಪಿ ತೂಗುಹಾಕಿದೆ, ಒಂದೊಂದು ಹೆಜ್ಜೆಗೂ ಸಹಿ. ಅದು ಜೀವ ಉಳಿಸಲು ಬರೆದದ್ದು. ಅದೇ ಶಿಸ್ತಿನಲ್ಲಿ ತಿರುವುಮುರುವು ಬರೆದರೆ ಪ್ಯಾನೆಮ್. ನಿಯಮ ಸರಿಯಾಗಿ ಕೂತಿಲ್ಲದ ಕಥೆ ನನಗೆ ಹಿಡಿಸುವುದಿಲ್ಲ. ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' ಓದಿದೆ. ಇಡೀ ಷಿಕಾಗೊ ನಗರದ ಜನರನ್ನು ಒಂದೊಂದೇ ಗುಣಕ್ಕೆ ಐದು ಪಂಗಡ ಮಾಡಿ ಇಟ್ಟಿದ್ದಾರಂತೆ. ರಕ್ತವನ್ನೇ ನಾಲ್ಕು ಗ್ರೂಪಿಗೆ ಸುಮ್ಮನೆ ಹಂಚಿ ಮುಗಿಸಲಾಗುವುದಿಲ್ಲ, 1952ರಲ್ಲಿ ಮುಂಬೈಯಲ್ಲಿ ಓ ಗ್ರೂಪಿನ ರಕ್ತವೂ ಕೂಡದ ಜನ ಸಿಕ್ಕರು, ಬಾಂಬೆ ಗ್ರೂಪ್ ಎಂದು ಹೆಸರಿಡಬೇಕಾಯಿತು. ಮನುಷ್ಯರ ಗುಣವನ್ನು ಐದಕ್ಕೆ ಹಂಚುತ್ತಾರಂತೆ! ಎರಡನೇ ಭಾಗಕ್ಕೆ ಹೋಗಲಿಲ್ಲ.

ಮಾರ್ಗರೆಟ್ ಆಟ್‌ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಅನ್ನು ಖುಷಿಗೆ ಓದಿದೆ ಅಂದರೆ ಸುಳ್ಳಾದೀತು. ಇತಿಹಾಸದಲ್ಲಿ ಎಲ್ಲೂ ನಡೆಯದ್ದನ್ನು ಅದರಲ್ಲಿ ಸೇರಿಸಿಲ್ಲ ಎಂದು ಆಕೆ ಹೇಳಿದ್ದಾರೆ. ಹೆರಿಗೆ ವಾರ್ಡಿನ ಪಕ್ಕ ಕೂತು ಅದನ್ನು ಓದುವುದು ಕಷ್ಟ. ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸಿದೆ.

ಇಂಥ ಪುಸ್ತಕ ಕಷ್ಟಕಾಲಕ್ಕೆ ಮನಸ್ಸನ್ನು ಸಜ್ಜು ಮಾಡುತ್ತದೆ ಎಂದು ಅತ್ತಿಗೆಯ ಮಗ ವಾದಿಸುತ್ತಾನೆ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೈನ್ಯ ಅಧಿಕಾರ ಹಿಡಿದಾಗ, 2021ರಲ್ಲಿ ಮ್ಯಾನ್ಮಾರಿನಲ್ಲಿ ಹಾಗೇ ಆದಾಗ, ಬೀದಿಗಿಳಿದವರು ಮೂರು ಬೆರಳೆತ್ತಿ ನಿಂತದ್ದು ಕಾಟ್ನಿಸ್‌ಳನ್ನು ನೋಡಿಯೇ ಎನ್ನುತ್ತಾನೆ. ನಿಜವೇ. ಆದರೆ ನನ್ನ ಅನುಭವ ಬೇರೆ. 2021ರ ಮೇ ತಿಂಗಳು. ಹಗಲು ರಾತ್ರಿ ಫೋನು. ಪ್ಲಾಸ್ಮಾ ಇದೆಯಾ, ಎಬಿ ಪ್ಲಾಸ್ಮಾ ಇದೆಯಾ, ಎಷ್ಟಾದರೂ ಕೊಡ್ತೀವಿ. ಕೋವಿಡ್ ಬಂದು ವಾಸಿಯಾದವರನ್ನು ಹುಡುಕಿ ಹುಡುಕಿ ಕರೆಸುತ್ತಿದ್ದೆವು. ಮೇ 17ಕ್ಕೆ ಐಸಿಎಂಆರ್ ಆ ಚಿಕಿತ್ಸೆಯನ್ನೇ ಮಾರ್ಗಸೂಚಿಯಿಂದ ಕೈಬಿಟ್ಟಿತು. ಫೋನು ಮಾತ್ರ ಆಮೇಲೂ ಬರುತ್ತಿತ್ತು. ಅದರಿಂದ ಉಪಯೋಗವಿಲ್ಲವಂತೆ ಎಂದು ಅಳುವವರಿಗೆ ಹೇಗೆ ಹೇಳುವುದು? ಆ ತಿಂಗಳು ಡ್ರಾಯರಿನಲ್ಲಿದ್ದ ಕೇಡುಗಾಲದ ಪುಸ್ತಕವನ್ನು ನಾನು ಮುಟ್ಟಲಿಲ್ಲ. 'ಟ್ವೈಲೈಟ್' ಅನ್ನೇ ಮೊದಲಿನಿಂದ ಓದಿದೆ. ಯಾರೂ ಸಾಯದ ಕುಟುಂಬ, ಮಳೆ, ಕಾಡು, ಇನ್ನೂ ಹೇಳಿರದ ಪ್ರೀತಿ. ಪಿಪಿಇ ಕಳಚಿ, ಬೆವರಿಗೆ ಸುಕ್ಕಾದ ಬೆರಳಿನಲ್ಲಿ ಪುಟ ತಿರುಗಿಸುತ್ತಿದ್ದೆ. ಅದು ನನ್ನನ್ನು ಯಾವುದಕ್ಕೂ ಸಜ್ಜು ಮಾಡಲಿಲ್ಲ. ಟೈಮರ್ ಬಡಿಯುವವರೆಗೆ ನನ್ನನ್ನು ಅಲ್ಲಿಂದ ಆಚೆ ಇಟ್ಟಿತ್ತು, ಅಷ್ಟೆ. ಅಷ್ಟು ಸಾಕಾಗಿತ್ತು.

ಇಂಥದ್ದು ಓದುವವರು 'ಮಲೆಗಳಲ್ಲಿ ಮದುಮಗಳು' ಓದುವುದಿಲ್ಲ ಎಂಬ ಆತಂಕ ಕೆಲವರಿಗಿದೆ. ನಾನು ಅದನ್ನೂ ಓದಿದ್ದೇನೆ, ಅದೇ ಅರ್ಧ ಗಂಟೆಗಳಲ್ಲಿ, ಮೂರು ತಿಂಗಳು ಹಿಡಿಯಿತು. ಅದರಲ್ಲಿ ಬರುವ ಗುತ್ತಿಯ ನಾಯಿ ಹುಲಿಯನಿಗಾಗಿ ಅತ್ತಿದ್ದೇನೆ. ಒಂದು ಹೊಟ್ಟೆ ಮುದ್ದೆಯನ್ನೂ ಅರಗಿಸುತ್ತದೆ, ಮಂಡಕ್ಕಿ ಮಿರ್ಚಿಯನ್ನೂ ಅರಗಿಸುತ್ತದೆ.

ಈಗ ಅಹವಾಲಿನ ಮಾತು. ಕೆಲವು ತಿಂಗಳ ಹಿಂದೆ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಇಂಥ ಕಥೆಗಳು ಕನ್ನಡದಲ್ಲಿ ಇವೆಯೇ, ಅನುವಾದವಾದರೂ ಸರಿ, ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ನನ್ನನ್ನೂ ನನ್ನ ಹಿಂದೆ ನಿಂತಿದ್ದ ಹುಡುಗರನ್ನೂ ಒಟ್ಟಿಗೆ ನೋಡಿ, "ಕಾಂಪಿಟೇಟಿವ್ ಎಕ್ಸಾಮ್ ಸೆಕ್ಷನ್ ಆ ಕಡೆ" ಎಂದು ಕೈ ತೋರಿಸಿದರು. ಆ ಕಡೆ ನಿಜಕ್ಕೂ ಜಾಗವಿರಲಿಲ್ಲ; ಮಕ್ಕಳು ಎಫ್‌ಡಿಎ, ಪಿಎಸ್‌ಐ ಗೈಡು ಹಿಡಿದು ಮೆಟ್ಟಿಲ ಮೇಲೂ ಕೂತಿದ್ದರು. ಅವರಿಗೆ ಓದು ಎಂದರೆ ಅದೊಂದೇ ಆಗಿಬಿಟ್ಟಿದೆ. ಪಾಪ. ಕಾದಂಬರಿಯ ಕಪಾಟಿನಲ್ಲಿ ಧೂಳು. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯ ಪ್ರಕಾರ. ಅದರಲ್ಲಿ ಖುಷಿಗೆ ಓದುವವರ ಪಾಲೂ ಇದೆ. ಪ್ರಕಾಶಕರೂ ಸ್ವಲ್ಪ ಧೈರ್ಯ ಮಾಡಲಿ. ಬಂಗಾಳಿಯಿಂದ ಬಿ. ವೆಂಕಟಾಚಾರ್ಯರು, ಮರಾಠಿಯಿಂದ ಗಳಗನಾಥರು ತಂದಾಗಲೂ ಜನ ಪುಣ್ಯಕ್ಕೆ ಓದಲಿಲ್ಲ, ಮುಂದೇನಾಯಿತು ಎಂದು ತಿಳಿಯಲು ಓದಿದರು. ಇನ್ನೂ ಒಳ್ಳೆಯದೆಂದರೆ ನಮ್ಮವರೇ ಬರೆಯಲಿ. 'ನಾಳೆ ಬಾ' ಓದಿ ವಾಪಸು ಹೋಗುವವಳು ಎಲ್ಲಿಗೆ ಹೋಗುತ್ತಾಳೆ, ಅವಳಿಗಾಗಿ ಯಾರಾದರೂ ಕಾಯುತ್ತಾರಾ ಎಂಬುದು ನನಗೆ ಗೊತ್ತಾಗಬೇಕು.

ಅವತ್ತು ಅಲ್ಲಿ ಸಲಹಾ ಪುಸ್ತಕ ಕೇಳಿ ಇಸಿದುಕೊಂಡೆ. ಫ್ಯಾನ್ ತಿರುಗುತ್ತಿಲ್ಲ, ಕುಡಿಯುವ ನೀರಿಲ್ಲ, ಶೌಚಾಲಯಕ್ಕೆ ಬೀಗ. ಪುಸ್ತಕದ ಹೆಸರು ಒಂದೂ ಇರಲಿಲ್ಲ. ನಾನು ಮೂರು ಹೆಸರು ಬರೆದೆ. ಕೊನೆಯ ಕಾಲಮ್ಮಿನಲ್ಲಿ ಕಾರಣ ಎಂದಿತ್ತು. 'ಖುಷಿಗೆ' ಎಂದು ಬರೆದು ಸಹಿ ಹಾಕಿದೆ. ನಿಮ್ಮೂರಿನ ಗ್ರಂಥಾಲಯದಲ್ಲೂ ಅಂಥದೊಂದು ಪುಸ್ತಕ ಇರುತ್ತದೆ. ಮುಂದಿನ ಸಲ ಹೋದಾಗ ಕೇಳಿ ತೆಗೆಸಿ, ಒಂದಾದರೂ ಹೆಸರು ಬರೆದು ಬನ್ನಿ.